ಕಂಪ್ರೆಶನ್ ಚೆನ್ನಾಗಿತ್ತು, ಆಯಿಲ್ ಮಾತ್ರ ಮಾಯ: ಟೀಚರ್ ಕಾರಿನ ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ನನ್ನದೂ ಒಂದು ತಪ್ಪಿದೆ. ಕೊಡಗಿನ ಗೋಣಿಕೊಪ್ಪ–ಪೊನ್ನಂಪೇಟೆ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಎಷ್ಟು ಎಂಜಿನ್ ಬಿಚ್ಚಿದ್ದೇನೋ ಲೆಕ್ಕ ಇಟ್ಟಿಲ್ಲ. ಆದರೂ ಒಂದು ಸಣ್ಣ ಪೆಟ್ರೋಲ್ ಕಾರು ಈ ಮಳೆಗಾಲ ಪೂರ್ತಿ ನನ್ನನ್ನು ಆಟ ಆಡಿಸಿತು. ಕಾರಿನ ಹೆಸರು ಬೇಡ, ತಪ್ಪು ಕಾರಿನದಲ್ಲ. ಸಾವಿರ ಸಿಸಿ, ನಾಲ್ಕು ಸಿಲಿಂಡರ್, 2011ರ ಮಾಡೆಲ್, ಓಡಿದ್ದು ಬರೀ 58,000 ಕಿಲೋಮೀಟರ್. ಅದರ ಓನರ್ ನನಗೆ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟ ಟೀಚರ್. ರಿಟೈರ್ ಆಗಿ ತುಂಬಾ ವರ್ಷ ಆಯಿತು. ಅವರು ನನ್ನನ್ನು ಈಗಲೂ "ನೀನು" ಅನ್ನುತ್ತಾರೆ, ನಾನು ಈಗಲೂ ಅವರ ಎದುರು ಕುರ್ಚಿಯಲ್ಲಿ ಕೂರುವುದಿಲ್ಲ.

ಜೂನ್ ಮೊದಲ ವಾರ, ಮಳೆ ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಕಾರು ತಂದು ನಿಲ್ಲಿಸಿದರು. "ಇದು ಎಣ್ಣೆ ಕುಡೀತಾ ಇದೆ ಕಣೋ. ಎಲ್ಲಿಗೆ ಹೋಗುತ್ತೆ ಅಂತ ನನಗೆ ಗೊತ್ತಾಗಬೇಕು" ಅಂದರು. ಜೊತೆಗೆ ಇನ್ನೂರು ಪುಟದ ಒಂದು ನೋಟ್ ಪುಸ್ತಕ ಕೊಟ್ಟರು. ಕಾರು ತಗೊಂಡ ದಿನದಿಂದ ಹಾಕಿಸಿದ ಪೆಟ್ರೋಲ್, ಮೀಟರ್ ಎಷ್ಟು, ತಾರೀಕು ಯಾವುದು, ಎಲ್ಲಾ ಅದರಲ್ಲಿದೆ. ಹೋದ ವರ್ಷದಿಂದ ಕೆಂಪು ಇಂಕಿನಲ್ಲಿ ಇನ್ನೊಂದು ಕಾಲಂ ಸೇರಿಕೊಂಡಿದೆ, ಎಂಜಿನ್ನಿನ ಆಯಿಲ್ ಮಟ್ಟ ಅಳೆಯುವ ಕಡ್ಡಿಯದು, ಅಂದರೆ ಡಿಪ್‌ಸ್ಟಿಕ್‌ದು. ಇಂಥ ಗಿರಾಕಿ ನನಗೆ ಇನ್ನೊಬ್ಬರಿಲ್ಲ. ಬೇರೆಯವರು ಬಂದು "ಸ್ವಲ್ಪ ಆಯಿಲ್ ತಿನ್ನುತ್ತೆ" ಅನ್ನುತ್ತಾರೆ, ಎಷ್ಟು ಅಂತ ಕೇಳಿದರೆ ಕೈಯಲ್ಲಿ ಅಳತೆ ತೋರಿಸುತ್ತಾರೆ.

ಪುಸ್ತಕದ ಪ್ರಕಾರ ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯಲು 900 ಕಿಲೋಮೀಟರ್. ಆ ಎರಡು ಗೆರೆ ನಡುವೆ ಹಿಡಿಯುವುದು ಹತ್ತಿರ ಹತ್ತಿರ ಒಂದು ಲೀಟರ್. ಕೆಲವು ಕಂಪೆನಿಗಳು ತಮ್ಮ ಮ್ಯಾನುಯಲ್ಲಿನಲ್ಲಿ 1,000 ಕಿಲೋಮೀಟರಿಗೆ ಒಂದು ಲೀಟರ್ ತನಕ ಪರವಾಗಿಲ್ಲ ಅಂತ ಬರೆದುಕೊಂಡಿರುತ್ತವೆ. ಅದು ವಾರಂಟಿ ಉಳಿಸಿಕೊಳ್ಳುವ ಮಾತು ಅಂತ ನನ್ನ ಅಭಿಪ್ರಾಯ. ಚೆನ್ನಾಗಿರುವ ಸಣ್ಣ ಎಂಜಿನ್ ಒಂದು ಸರ್ವೀಸಿನಿಂದ ಇನ್ನೊಂದು ಸರ್ವೀಸಿಗೆ ಅರ್ಧ ಲೀಟರೂ ಕೇಳಬಾರದು.

ನನ್ನ ಹತ್ತಿರ ಬರುವ ಮೊದಲು ಟೀಚರ್ ಎರಡು ಕಡೆ ತೋರಿಸಿದ್ದರು. ಒಂದು ಕಡೆ ಬಾನೆಟ್ ಎತ್ತುವ ಮೊದಲೇ "ಬೋರ್ ಹೋಗಿದೆ, ರೀಬೋರ್ ಮಾಡಿ ಹೊಸ ಪಿಸ್ಟನ್ ಹಾಕಬೇಕು, 45,000 ಆಗುತ್ತೆ" ಅಂದಿದ್ದರಂತೆ. ಬೋರ್ ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಕೊಳವೆ, ರೀಬೋರ್ ಅಂದರೆ ಅದನ್ನು ಮತ್ತೆ ಕೊರೆಯುವುದು. ಇನ್ನೊಂದು ಕಡೆ "ಆಯಿಲ್ ತೆಳ್ಳಗಿದೆ, ಅದಕ್ಕೇ ಉರಿಯುತ್ತೆ" ಅಂತ 5ಡಬ್ಲ್ಯು-30 ಹಾಕಬೇಕಾದ ಎಂಜಿನ್ನಿಗೆ 20ಡಬ್ಲ್ಯು-50 ಸುರಿದಿದ್ದರು. ಕೆಂಪು ಕಾಲಂ ನೋಡಿದರೆ ದಪ್ಪ ಆಯಿಲ್ ಹಾಕಿದ ಮೇಲೆ ಮೊದಲ 300 ಕಿಲೋಮೀಟರ್ ಸ್ವಲ್ಪ ಕಮ್ಮಿ ಇಳಿದಿದೆ, ಆಮೇಲೆ ಮತ್ತೆ ಅದೇ ಕಥೆ.

ಆಯಿಲ್ ಕಮ್ಮಿಯಾಗುತ್ತದೆ ಅಂದರೆ ಸೋರಬೇಕು, ಇಲ್ಲಾ ಉರಿಯಬೇಕು. ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿಟ್ಟೆ, ಬೆಳಗ್ಗೆ ಒಂದು ಹನಿ ಇಲ್ಲ. ರೇಡಿಯೇಟರ್ ನೀರಿನಲ್ಲಿ ಜಿಡ್ಡಿಲ್ಲ. ಸೈಲೆನ್ಸರ್ ಬಾಯೊಳಗೆ ಬೆರಳಾಡಿಸಿದರೆ ಕಪ್ಪು ಜಿಡ್ಡು ಮೆತ್ತಿಕೊಂಡಿತು. ಒಣ ಮಸಿ ಬಂದರೆ ಪೆಟ್ರೋಲ್ ಜಾಸ್ತಿ ಅಂತ ಲೆಕ್ಕ, ಜಿಡ್ಡು ಬಂದರೆ ಆಯಿಲ್. ಹಾಗಾದರೆ ಉರಿಯುತ್ತಿದೆ. ಆಯಿಲ್ ತುಂಬುವ ಮುಚ್ಚಳ ತೆಗೆದೆ. ಒಳಗಡೆ ಕಾಫಿ ನೊರೆಯ ಬಣ್ಣದ ಮೆತ್ತನೆಯ ವಸ್ತು ಅಂಟಿಕೊಂಡಿತ್ತು. ನೋಡಿದೆ, ಬಟ್ಟೆಯಲ್ಲಿ ಒರೆಸಿದೆ, ಮರೆತೆ. ಅದೇ ಮುಖ್ಯ ಸುಳಿವು ಅಂತ ಹೊಳೆದದ್ದು ಎರಡು ತಿಂಗಳ ಮೇಲೆ.

ಪುಸ್ತಕದಲ್ಲಿ ಇನ್ನೊಂದು ಸಾಲು ಇತ್ತು. ಮಂಗಳೂರಿನಲ್ಲಿರುವ ಮಗಳ ಮನೆಗೆ ಹೋದ ದಿನದ್ದು. "ಸಂಪಾಜೆ ಘಾಟಿ ಇಳಿದು ಆಕ್ಸಿಲರೇಟರ್ ಒತ್ತಿದಾಗ ಹಿಂದೆ ನೀಲಿ ಹೊಗೆ. ಹಿಂದಿದ್ದ ಬೈಕಿನವನು ಕೈ ಬೀಸಿ ತೋರಿಸಿದ." ಮಡಿಕೇರಿ ಇರುವುದು 1,100 ಮೀಟರಿಗಿಂತ ಮೇಲೆ. ಅಲ್ಲಿಂದ ಸಂಪಾಜೆ ತನಕ ಒಂದೇ ಸಮ ಇಳಿಜಾರು. ಟೀಚರ್ ಗೇರಿನಲ್ಲಿ ಇಳಿಸುವವರು, ಬ್ರೇಕ್ ಮೇಲೆ ಕಾಲಿಟ್ಟು ಇಳಿಸುವವರಲ್ಲ, ಅದು ಸರಿಯಾದ ಅಭ್ಯಾಸವೇ. ಆದರೆ ಪೆಟ್ರೋಲ್ ಎಂಜಿನ್ನಿನಲ್ಲಿ ಕಾಲು ತೆಗೆದ ತಕ್ಷಣ ಥ್ರಾಟಲ್ ಮುಚ್ಚಿಕೊಳ್ಳುತ್ತದೆ, ಚಕ್ರ ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ, ಗಾಳಿ ಒಳಗೆ ಬರಲು ಬಾಗಿಲಿಲ್ಲ. ಪಿಸ್ಟನ್ ಕೆಳಗೆ ಹೋಗುವಾಗ ಸಿಲಿಂಡರ್ ಒಳಗೆ ಜೋರು ಎಳೆತ ಹುಟ್ಟುತ್ತದೆ, ಸ್ಟ್ರಾ ಬಾಯಿಗಿಟ್ಟು ಎಳೆದ ಹಾಗೆ. ಸಿಕ್ಕ ಸಂದಿಯಿಂದ ಆಯಿಲ್ ಮೇಲೆ ಬರುತ್ತದೆ. ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದಾಗ ಅಷ್ಟೂ ಒಟ್ಟಿಗೆ ಉರಿದು ನೀಲಿ ಹೊಗೆ.

ಆ ಸಂದಿ ಎರಡು ಕಡೆ ಇರಬಹುದು. ಮೇಲುಗಡೆ ವಾಲ್ವ್ ಕಡ್ಡಿಗೆ ಹಾಕಿದ ರಬ್ಬರ್ ಸೀಲ್ ಗಟ್ಟಿಯಾಗಿ ಸೋರುತ್ತಿರಬಹುದು. ಇಲ್ಲಾ ಕೆಳಗಡೆ ಪಿಸ್ಟನ್ ಸುತ್ತ ಕೂರುವ ಬಳೆ, ಅಂದರೆ ಪಿಸ್ಟನ್ ರಿಂಗ್. ಯಾವುದು ಅಂತ ತಿಳಿಯಲು ಸಿಲಿಂಡರ್ ಒಳಗೆ ಗಾಳಿ ಎಷ್ಟು ಒತ್ತಡಕ್ಕೆ ಬರುತ್ತದೆ ಅಂತ ಅಳೆಯುವ ಕಂಪ್ರೆಶನ್ ಗೇಜ್ ಹಾಕಿದೆ. 170, 165, 165, 170 ಪಿಎಸ್‌ಐ. ಹನ್ನೆರಡು ಹದಿಮೂರು ವರ್ಷದ ಗಾಡಿಗೆ ಇದು ಒಳ್ಳೆ ನಂಬರ್. "ರಿಂಗ್ ಚೆನ್ನಾಗಿದೆ ಟೀಚರ್, ವಾಲ್ವ್ ಸೀಲ್ ಅಷ್ಟೇ" ಅಂತ ಎದೆ ತಟ್ಟಿ ಹೇಳಿದೆ. ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್ ಇಳಿಸದೆ, ಸ್ಪಾರ್ಕ್ ಪ್ಲಗ್ ತೂತಿನಿಂದ ನೈಲಾನ್ ಹಗ್ಗ ತುರುಕಿ, ಪಿಸ್ಟನ್ ಮೇಲೆತ್ತಿ, ವಾಲ್ವ್ ಕೆಳಗೆ ಬೀಳದ ಹಾಗೆ ಹಗ್ಗದಿಂದ ತಡೆದು, ಎಲ್ಲಾ ಸೀಲ್ ಬದಲಾಯಿಸಿದೆ. ಹಳೆ ಸೀಲ್‌ಗಳು ಗಟ್ಟಿಯಾಗಿದ್ದವು ನಿಜ. ಅದನ್ನು ನೋಡಿ ನನಗೆ ಇನ್ನೂ ಧೈರ್ಯ ಬಂತು.

ಜುಲೈ ಕೊನೆಗೆ ಟೀಚರ್ ವಾಪಸ್ ಬಂದರು. ಪುಸ್ತಕ ಮೇಜಿನ ಮೇಲೆ ಬಿಚ್ಚಿಟ್ಟರು. 900 ಇದ್ದದ್ದು 980 ಆಗಿತ್ತು, ಅಷ್ಟೇ.

"ನಿನ್ನ ಉತ್ತರ ತಪ್ಪು. ಹಂತ ತೋರಿಸು" ಅಂದರು.

ನನಗೆ ಬೆವರಿಳಿಯಿತು. ಸೀಲ್ ಹಾಕಿದ ಕೂಲಿ ವಾಪಸ್ ಕೊಡುತ್ತೇನೆ ಅಂದೆ. "ದುಡ್ಡಿನ ವಿಚಾರ ಆಮೇಲೆ. ರಿಂಗ್ ಚೆನ್ನಾಗಿದೆ ಅಂತ ಹೇಗೆ ಹೇಳಿದೆ? ಮೊದಲು ಆ ಸಿಲಿಂಡರ್ ಗೋಡೆಗೆ ಎಣ್ಣೆ ಹೇಗೆ ಹೋಗುತ್ತೆ ಅಂತ ಹೇಳು, ಅಲ್ಲಿಂದ ಶುರು ಮಾಡು." ಹೊರಗೆ ಮಳೆ ಹುಯ್ಯುತ್ತಿತ್ತು, ಕರೆಂಟ್ ಇರಲಿಲ್ಲ, ಬೇರೆ ಕೆಲಸವೂ ಇರಲಿಲ್ಲ. ಗುಜರಿಯಿಂದ ಒಂದು ಹಳೆ ಪಿಸ್ಟನ್ ತಂದು ಮೇಜಿನ ಮೇಲಿಟ್ಟೆ.

ಹೆಚ್ಚಿನವರು ಆಯಿಲ್ ಪಂಪಿನಿಂದ ಸಿಲಿಂಡರ್ ಗೋಡೆಗೆ ಒಂದು ಪೈಪ್ ಇರುತ್ತದೆ ಅಂದುಕೊಂಡಿರುತ್ತಾರೆ. ಅಂಥದ್ದೇನೂ ಇಲ್ಲ. ಪಂಪ್ ಎಂಜಿನ್ ಅಡಿಯ ಆಯಿಲ್ ತೊಟ್ಟಿ, ಅಂದರೆ ಸಂಪಿನಿಂದ ಆಯಿಲ್ ಎಳೆದು ಫಿಲ್ಟರ್ ದಾಟಿಸಿ, ಪಿಸ್ಟನ್ ಓಟವನ್ನು ತಿರುಗಾಟ ಮಾಡುವ ದಂಡ, ಅಂದರೆ ಕ್ರ್ಯಾಂಕಿನ ಬೇರಿಂಗ್‌ಗಳಿಗೆ ಕಳಿಸುತ್ತದೆ. ಕ್ರ್ಯಾಂಕ್ ಒಳಗೇ ತೂತು ಕೊರೆದಿರುತ್ತಾರೆ, ಅದರಿಂದ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ದೊಡ್ಡ ತುದಿಯ ಬೇರಿಂಗಿಗೆ ಹೋಗುತ್ತದೆ. ಆ ಬೇರಿಂಗಿನ ಎರಡೂ ಪಕ್ಕದಿಂದ ಆಯಿಲ್ ಹೊರಗೆ ಜಿನುಗುತ್ತದೆ, ಕ್ರ್ಯಾಂಕ್ ತಿರುಗುವ ರಭಸಕ್ಕೆ ಸುತ್ತಲೂ ಎರಚುತ್ತದೆ. ಕೆಲವು ರಾಡ್‌ಗಳಲ್ಲಿ ಗೋಡೆ ಕಡೆಗೆ ಚಿಮ್ಮಲು ಒಂದು ಸಣ್ಣ ತೂತು ಬೇರೆ ಇರುತ್ತದೆ. ಟರ್ಬೊ ಗಾಡಿ, ಡೀಸೆಲ್ ಗಾಡಿಗಳಲ್ಲಿ ಪಿಸ್ಟನ್ನಿನ ಹೊಟ್ಟೆ ತಣ್ಣಗಿಡಲು ಕೆಳಗಿನಿಂದ ಜೆಟ್ ಹೊಡೆಯುವ ವ್ಯವಸ್ಥೆ ಇರುತ್ತದೆ. ಟೀಚರ್ ಕಾರಿನಲ್ಲಿ ಅದಿಲ್ಲ. ಬರೀ ಎರಚಲು, ನಮ್ಮ ಜಗಲಿಗೆ ಮಳೆ ಎರಚಲು ಹೊಡೆದ ಹಾಗೆ.

"ಹಾಗಾದರೆ ಬೇಕಾದ್ದಕ್ಕಿಂತ ಜಾಸ್ತಿ ಬೀಳುತ್ತೆ ಅಲ್ವಾ?" ಅಂದರು. ಹೌದು, ತುಂಬಾ ಜಾಸ್ತಿ. ಅದಕ್ಕೇ ಪಿಸ್ಟನ್ನಿಗೆ ಮೂರು ರಿಂಗ್. ಮೇಲಿನದು ಗ್ಯಾಸ್ ತಡೆಯುವುದಕ್ಕೆ. ಅದರ ಸ್ಪ್ರಿಂಗ್ ಬಲ ಅಷ್ಟೇನಿಲ್ಲ, ಪೆಟ್ರೋಲ್ ಉರಿದಾಗ ಬರುವ ಒತ್ತಡ ರಿಂಗಿನ ಬೆನ್ನ ಹಿಂದೆ ನುಗ್ಗಿ ಅದನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಎರಡನೆಯದು ಸ್ವಲ್ಪ ಗ್ಯಾಸ್ ತಡೆಯುತ್ತದೆ, ಸ್ವಲ್ಪ ಆಯಿಲ್ ಕೆರೆಯುತ್ತದೆ. ಅದರ ಅಂಚು ಓರೆ, ಅದಕ್ಕೇ ತಲೆಕೆಳಗಾಗಿ ಹಾಕಿದರೆ ಆಯಿಲ್ಲನ್ನು ಕೆಳಗೆ ತಳ್ಳುವ ಬದಲು ಮೇಲಕ್ಕೆ ಎತ್ತುತ್ತದೆ. ಮೂರನೆಯದು ಆಯಿಲ್ ರಿಂಗ್. ಎರಡು ತೆಳು ಸ್ಟೀಲ್ ಪಟ್ಟಿ, ನಡುವೆ ನೆರಿಗೆ ನೆರಿಗೆ ಸ್ಪ್ರಿಂಗ್. ಗೋಡೆಗೆ ಬಿದ್ದ ಆಯಿಲ್ಲಿನಲ್ಲಿ ತೆಳು ಪದರ ಮಾತ್ರ ಬಿಟ್ಟು ಉಳಿದದ್ದನ್ನು ಬಳಿದು ತೆಗೆಯುವುದು ಅದರ ಕೆಲಸ. ಬಳಿದದ್ದು ಎಲ್ಲಿಗೆ ಹೋಗಬೇಕು? ರಿಂಗ್ ಕೂರುವ ಗ್ರೂವಿನ ಹಿಂದೆ ಪಿಸ್ಟನ್ನಿನಲ್ಲಿ ಸಣ್ಣ ಸಣ್ಣ ತೂತುಗಳಿವೆ, ಅದರಿಂದ ಪಿಸ್ಟನ್ ಒಳಗಿಳಿದು ಮತ್ತೆ ಸಂಪಿಗೆ.

ದೋಸೆ ಕಾವಲಿಗೆ ಈರುಳ್ಳಿ ಚೂರಿನಲ್ಲಿ ಎಣ್ಣೆ ಸವರುತ್ತಾರಲ್ಲ, ಹಾಗೆ ಅಂದೆ. ಟೀಚರಿಗೆ ಅಷ್ಟು ಸಾಕಾಗಲಿಲ್ಲ. "ಪದರ ಎಷ್ಟು ದಪ್ಪ?" ಕೆಲವೇ ಮೈಕ್ರಾನ್ ಅಂದೆ, ತಲೆಕೂದಲು ಸುಮಾರು 70 ಮೈಕ್ರಾನ್. "ಎರಡು ಅಂತ ಹಿಡಿಯೋಣ. ಬೋರ್ ಎಷ್ಟು, ಸ್ಟ್ರೋಕ್ ಎಷ್ಟು?" ಬೋರ್ ಅಂದರೆ ಸಿಲಿಂಡರಿನ ಅಡ್ಡಳತೆ 66 ಮಿಲಿಮೀಟರ್, ಸ್ಟ್ರೋಕ್ ಅಂದರೆ ಪಿಸ್ಟನ್ ಓಡುವ ದೂರ 75 ಮಿಲಿಮೀಟರ್. ಪುಸ್ತಕದ ಹಿಂದಿನ ಪುಟ ತಿರುಗಿಸಿ ಪೆನ್ಸಿಲಿನಲ್ಲಿ ಬರೆದರು. ಸುತ್ತಳತೆ 207, ಅದನ್ನು 75ರಿಂದ ಗುಣಿಸಿದರೆ ಗೋಡೆಯ ವಿಸ್ತೀರ್ಣ 15,525 ಚದರ ಮಿಲಿಮೀಟರ್. ಅದಕ್ಕೆ 0.002 ದಪ್ಪ. ಉತ್ತರ 31 ಘನ ಮಿಲಿಮೀಟರ್. ಒಂದು ಮಿಲಿಲೀಟರಿಗೆ ಇಪ್ಪತ್ತು ಹನಿ ಅಂತ ಹಿಡಿದರೆ ಒಂದು ಹನಿ 50 ಘನ ಮಿಲಿಮೀಟರ್. ಅಂದರೆ ಇಡೀ ಸಿಲಿಂಡರ್ ಗೋಡೆಗೆ ಒಂದು ಹನಿಯೂ ಬೇಡ!

ಇಷ್ಟು ವರ್ಷ ಈ ಕೆಲಸ ಮಾಡಿದರೂ ನಾನು ಆ ಲೆಕ್ಕ ಹಾಕಿರಲಿಲ್ಲ.

ಅವರು ಅಲ್ಲಿಗೆ ಬಿಡಲಿಲ್ಲ. ನಮ್ಮ ಕಡೆಯ ತಿರುವು ರಸ್ತೆಯಲ್ಲಿ ಒಂದು ಕಿಲೋಮೀಟರಿಗೆ ಎಂಜಿನ್ ಎಷ್ಟು ಸುತ್ತುತ್ತದೆ ಅಂತ ಕೇಳಿದರು. 3,000 ಸುತ್ತು ಅಂತ ಅಂದಾಜು ಹೇಳಿದೆ. 900 ಕಿಲೋಮೀಟರಿಗೆ 27 ಲಕ್ಷ ಸುತ್ತು. ನಾಲ್ಕು ಸಿಲಿಂಡರಿಗೆ 1 ಕೋಟಿ 8 ಲಕ್ಷ. ಹೋದದ್ದು ಒಂದು ಲೀಟರ್, ಅಂದರೆ 10 ಲಕ್ಷ ಘನ ಮಿಲಿಮೀಟರ್. ಭಾಗಿಸಿದರೆ ಒಂದು ಸುತ್ತಿಗೆ ಒಂದು ಸಿಲಿಂಡರಿನಲ್ಲಿ ಕಳೆದುಹೋಗುವುದು 0.09 ಘನ ಮಿಲಿಮೀಟರ್. ಹನಿಯಲ್ಲಿ ಐನೂರಕ್ಕೂ ಹೆಚ್ಚು ಪಾಲು ಮಾಡಿ ಅದರಲ್ಲಿ ಒಂದು ಪಾಲು. "ಗೋಡೆ ಮೇಲಿರುವ ಎಣ್ಣೆಯಲ್ಲಿ ಸಾವಿರಕ್ಕೆ ಮೂರು ಪಾಲು ಒರೆಸದೆ ಬಿಟ್ಟರೆ ಸಾಕು, ಒಂದು ಲೀಟರ್ ಖಾಲಿ. ಒರೆಸುವವನು ಸ್ವಲ್ಪ ಸೋಮಾರಿಯಾಗಿದ್ದಾನೆ, ಅಷ್ಟೇ" ಅಂದರು. ಆಮೇಲೆ ಕನ್ನಡಕ ತೆಗೆದು ಕೇಳಿದರು, "ನೀನು ಗೇಜ್ ಹಾಕಿ ನೋಡಿದ್ಯಲ್ಲ, ಅದು ಯಾವ ರಿಂಗ್ ಪರೀಕ್ಷೆ?"

ನನ್ನ ಬಾಯಿ ಕಟ್ಟಿತು. ಕಂಪ್ರೆಶನ್ ಗೇಜ್ ನೋಡುವುದು ಮೇಲಿನ ಎರಡು ರಿಂಗನ್ನು. ಗ್ಯಾಸ್ ಹಿಡಿದು ನಿಲ್ಲಿಸುವುದು ಅವು. ಮೂರನೆಯದು ಪೂರ್ತಿ ಸತ್ತಿದ್ದರೂ ಗೇಜಿಗೆ ಗೊತ್ತಾಗುವುದಿಲ್ಲ. ಇನ್ನೂ ತಮಾಷೆ ಅಂದರೆ, ಗೋಡೆ ಮೇಲೆ ಆಯಿಲ್ ಜಾಸ್ತಿ ಇದ್ದರೆ ಮೇಲಿನ ರಿಂಗಿನ ಸಂದಿ ಇನ್ನೂ ಚೆನ್ನಾಗಿ ಮುಚ್ಚಿಕೊಂಡು ನಂಬರ್ ಚೂರು ಮೇಲೇ ಬರುತ್ತದೆ. ಪ್ಲಗ್ ತೂತಿನಲ್ಲಿ ಒಂದು ಚಮಚ ಆಯಿಲ್ ಹಾಕಿ ಮತ್ತೆ ಗೇಜ್ ನೋಡುತ್ತೇವಲ್ಲ, ನಂಬರ್ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಂತ, ಆ ಪರೀಕ್ಷೆಗೂ ಆಯಿಲ್ ರಿಂಗಿಗೂ ಸಂಬಂಧ ಇಲ್ಲ. ಇದು ನನಗೆ ಗೊತ್ತಿಲ್ಲದ ವಿಷಯ ಅಲ್ಲ. ಗೊತ್ತಿದ್ದೂ 170 ಅನ್ನುವ ನಂಬರ್ ನೋಡಿದ ಖುಷಿಯಲ್ಲಿ ಮರೆತೆ. ಹಾಗೇ ಎದೆ ತಟ್ಟಿ ಹೇಳುವ ಮೆಕ್ಯಾನಿಕ್‌ಗಳು ಜಿಲ್ಲೆಯಲ್ಲಿ ನಾನೊಬ್ಬನೇ ಇರಲಿಕ್ಕಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಬಿಚ್ಚದೆ ಆಗಲ್ವಾ ಅಂತ ಕೇಳಿದರು. ಕಾರ್ಬನ್ ಕರಗಿಸುವ ಕೆಮಿಕಲ್ ಪ್ಲಗ್ ತೂತಿನಿಂದ ಹಾಕಿ ಎರಡು ರಾತ್ರಿ ನೆನೆಸಿಟ್ಟು ನೋಡಿದೆ. ಚೂರು ಸುಧಾರಿಸಿತು, ಸಾಲಲಿಲ್ಲ. ಅಂದ ಹಾಗೆ ಕೆಲವರು ಸಂಪಿಗೆ ಡೀಸೆಲ್ ಹಾಕಿ ಎಂಜಿನ್ ಓಡಿಸಿ "ತೊಳೆಯುತ್ತಾರೆ". ದಯವಿಟ್ಟು ಬೇಡ. ಬೇರಿಂಗಿಗೂ ಗೋಡೆಗೂ ಬೇಕಾದ ಪದರವೇ ಇಲ್ಲದೆ ಎಂಜಿನ್ ಓಡಿಸಿದ ಹಾಗೆ ಅದು.

ಆಗಸ್ಟಿನಲ್ಲಿ ಹೆಡ್ ಇಳಿಸಿದೆ, ಸಂಪ್ ಇಳಿಸಿದೆ, ನಾಲ್ಕೂ ಪಿಸ್ಟನ್ ಮೇಲಿಂದ ತೆಗೆದೆ. ಟೀಚರ್ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು, ಬೇಡ ಅಂದರೂ ಹೋಗಲಿಲ್ಲ. ಮೊದಲು ಗೋಡೆಗೆ ಟಾರ್ಚ್ ಬಿಟ್ಟು ತೋರಿಸಿದೆ. ಗೋಡೆ ಕನ್ನಡಿ ಹಾಗೆ ನುಣ್ಣಗಿರಬಾರದು. ಕಲ್ಲಿನಿಂದ ಉಜ್ಜಿ ಹೋನಿಂಗ್ ಮಾಡಿದ ಅಡ್ಡಾದಿಡ್ಡಿ ಗೆರೆಗಳು, ಒಂದನ್ನೊಂದು ಕತ್ತರಿಸುವ ಸಣ್ಣ ಗೀರುಗಳು, ಕಾಣಬೇಕು. ಆ ಗೀರಿನೊಳಗೆ ಆಯಿಲ್ ನಿಲ್ಲುತ್ತದೆ. ಟೀಚರ್ ಕಾರಿನಲ್ಲಿ ಆ ಗೆರೆಗಳು ಇನ್ನೂ ಚೆನ್ನಾಗಿದ್ದವು. ಬೋರಿನ ತುದಿಯಲ್ಲಿ ಉಗುರು ಆಡಿಸಿದರೆ ಸವೆತದ ಮೆಟ್ಟಿಲು ಸಿಕ್ಕಿಯೂ ಸಿಗದಷ್ಟು. ಬೋರ್ ಗೇಜಿನಲ್ಲಿ ಸವೆತ 0.02 ಮಿಲಿಮೀಟರ್, ಮಿತಿ 0.10. ರೀಬೋರ್ ಮಾಡಿ ಅಂದವರಿಗೆ ಒಂದು ನಮಸ್ಕಾರ.

"ಮೆಟ್ಟಿಲು ಮೇಲ್ಗಡೆ ಮಾತ್ರ ಯಾಕೆ ಬರುತ್ತೆ?" ಒಳ್ಳೆ ಪ್ರಶ್ನೆ. 3,000 ಆರ್‌ಪಿಎಮ್ಮಿನಲ್ಲಿ ಪಿಸ್ಟನ್ ಸೆಕೆಂಡಿಗೆ 50 ಸಲ ಮೇಲೆ ಕೆಳಗೆ ಹೋಗಿ ಬರುತ್ತದೆ, ಸರಾಸರಿ ವೇಗ ಸೆಕೆಂಡಿಗೆ 7.5 ಮೀಟರ್. ನಡುದಾರಿಯಲ್ಲಿ ಜೋರಾಗಿ ಓಡುವಾಗ ರಿಂಗ್ ಗೋಡೆಗೆ ತಾಗುವುದೇ ಇಲ್ಲ ಅನ್ನಬಹುದು. ಮಳೆ ನೀರು ನಿಂತ ರಸ್ತೆಯಲ್ಲಿ ಸ್ಪೀಡಾಗಿ ಹೋದರೆ ಟಯರ್ ನೀರಿನ ಮೇಲೆ ತೇಲುತ್ತದಲ್ಲ, ಹಾಗೆ ರಿಂಗ್ ಆಯಿಲ್ ಪದರದ ಮೇಲೆ ತೇಲುತ್ತದೆ. ಆದರೆ ಮೇಲಿನ ತುದಿಗೆ, ಕೆಳಗಿನ ತುದಿಗೆ ಬಂದಾಗ ಪಿಸ್ಟನ್ ಒಂದು ಕ್ಷಣ ನಿಂತು ದಿಕ್ಕು ಬದಲಾಯಿಸಲೇಬೇಕು. ಸೆಕೆಂಡಿಗೆ ನೂರು ಸಲ ನಿಲ್ಲುತ್ತದೆ. ನಿಂತಾಗ ತೇಲುವುದಿಲ್ಲ, ಲೋಹಕ್ಕೆ ಲೋಹ ತಾಗುತ್ತದೆ. ಮೇಲಿನ ತುದಿಯಲ್ಲಂತೂ ಬೆಂಕಿ ಅಲ್ಲೇ, ಒತ್ತಡ ಅಲ್ಲೇ, ಎರಚಲು ಅಲ್ಲಿಗೆ ತಲುಪುವುದು ಕಷ್ಟ. ಅಲ್ಲಿ ಕಾಪಾಡುವುದು ಆಯಿಲ್ಲಿಗೆ ಬೆರೆಸಿರುವ ಸತು ಮತ್ತು ರಂಜಕದ ಸಂಯುಕ್ತ. ಬಿಸಿ, ಒತ್ತಡ ಸಿಕ್ಕಾಗ ಅದು ಲೋಹದ ಮೇಲೆ ಒಂದು ತೆಳು ಪೊರೆ ಕಟ್ಟುತ್ತದೆ. ಲೋಹದ ಬದಲು ಆ ಪೊರೆ ಸವೆಯುತ್ತದೆ, ಮತ್ತೆ ಕಟ್ಟಿಕೊಳ್ಳುತ್ತದೆ. ಆಯಿಲ್ ಹಳೆಯದಾದರೆ ಆ ಸರಕು ಮುಗಿದಿರುತ್ತದೆ, ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಎಷ್ಟೇ ಇರಲಿ.

ಇನ್ನು ಪಿಸ್ಟನ್. ಮೇಲಿನ ಎರಡು ರಿಂಗ್ ಬೆರಳಲ್ಲಿ ತಳ್ಳಿದರೆ ಸಲೀಸಾಗಿ ತಿರುಗುತ್ತಿದ್ದವು. ಆಯಿಲ್ ರಿಂಗ್ ಅಲುಗಾಡಲಿಲ್ಲ. ಎರಡನೇ ಮತ್ತು ಮೂರನೇ ಸಿಲಿಂಡರಿನಲ್ಲಿ ಅದು ಗ್ರೂವಿನೊಳಗೆ ಅಂಟಿಕೊಂಡು ಪಿಸ್ಟನ್ನಿನ ಮೈಯೇ ಆಗಿಬಿಟ್ಟಿತ್ತು. ಕಪ್ಪು ಟಾರಿನಂಥದ್ದನ್ನು ಕೆರೆದು ರಿಂಗ್ ಎಬ್ಬಿಸಿದೆ. ಹಿಂದಿನ ತೂತುಗಳು ಎಲ್ಲಿ ಅಂತ ಹುಡುಕಬೇಕಾಯಿತು, ಒಂದೂ ತೆರೆದಿರಲಿಲ್ಲ. ಒಂದನೇ ಮತ್ತು ನಾಲ್ಕನೇ ಪಿಸ್ಟನ್ನಿನಲ್ಲಿ ಅರ್ಧಕ್ಕರ್ಧ ಮುಚ್ಚಿದ್ದವು. ಟೀಚರ್ ಎದ್ದು ಬಂದು ಬಗ್ಗಿ ನೋಡಿದರು. "ಮೋರಿ ಕಟ್ಟಿಕೊಂಡಿದೆ" ಅಂದರು. ಅವರ ಮನೆ ಮುಂದಿನ ಮೋರಿಯೂ ಪ್ರತಿ ಜೂನಿನಲ್ಲಿ ಸಿಲ್ವರ್ ಓಕ್ ಎಲೆ ತುಂಬಿ ಕಟ್ಟುತ್ತದಂತೆ, ನೀರು ಹೋಗಲು ಜಾಗ ಇಲ್ಲದೆ ಅಂಗಳಕ್ಕೇ ಬರುತ್ತದಂತೆ. ಇಲ್ಲೂ ಅದೇ. ಬಳಿದ ಆಯಿಲ್ ಇಳಿಯಲು ದಾರಿ ಇಲ್ಲ, ರಿಂಗಿನ ಹಿಂದೆ ತುಂಬಿಕೊಂಡು ಮೇಲಕ್ಕೆ ಹೋಗುತ್ತದೆ. 20ಡಬ್ಲ್ಯು-50 ಹಾಕಿದ್ದು ಕಟ್ಟಿದ ಮೋರಿಗೆ ಗಟ್ಟಿ ಕೆಸರು ಸುರಿದ ಹಾಗಾಯಿತು.

ಯಾಕೆ ಕಟ್ಟಿತು ಅನ್ನುವುದಕ್ಕೆ ಉತ್ತರ ನೋಟ್ ಪುಸ್ತಕದಲ್ಲೇ ಇತ್ತು, ನಾನು ಕೆಂಪು ಕಾಲಂ ಮಾತ್ರ ನೋಡಿದ್ದೆ. ವರ್ಷಕ್ಕೆ ನಾಲ್ಕೂವರೆ ಸಾವಿರ ಕಿಲೋಮೀಟರ್. ದಿನಾ ಮನೆಯಿಂದ ಪೇಟೆಗೆ 4 ಕಿಲೋಮೀಟರ್, ವಾಪಸ್ 4. ಆಯಿಲ್ ಬದಲಾಯಿಸಿದ್ದು ಪ್ರತಿ 10,000 ಕಿಲೋಮೀಟರಿಗೆ ಸರಿಯಾಗಿ. ತಾರೀಕು ನೋಡಿದರೆ ಎರಡು ವರ್ಷ ಚಿಲ್ಲರೆ. "10,000 ಇಲ್ಲಾ ಒಂದು ವರ್ಷ, ಯಾವುದು ಮೊದಲೋ ಅದು" ಅಂತ ಮ್ಯಾನುಯಲ್ಲಿನಲ್ಲಿ ಇರುತ್ತದೆ, ಹಿಂದೆ ಸರ್ವೀಸ್ ಮಾಡಿದ ಜಾಗದಲ್ಲಿ ಯಾರೂ ಅವರಿಗೆ ಆ ಎರಡನೇ ಅರ್ಧ ಹೇಳಿರಲಿಲ್ಲ.

ನಾಲ್ಕು ಕಿಲೋಮೀಟರಿನಲ್ಲಿ ಟೆಂಪರೇಚರ್ ಮುಳ್ಳು ನಡುವಿಗೆ ಬಂದಿರುತ್ತದೆ, ಆದರೆ ಅದು ನೀರಿನ ಬಿಸಿ. ಆಯಿಲ್ ಬಿಸಿಯಾಗಲು ಇನ್ನೂ ದೂರ ಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ, ಆವಿಯಾಗಿ. ಅದರಲ್ಲಿ ಬಹುಪಾಲು ಸೈಲೆನ್ಸರಿನಿಂದ ಹೋಗುತ್ತದೆ, ಸ್ವಲ್ಪ ರಿಂಗ್ ದಾಟಿ ಸಂಪಿಗೆ ಇಳಿಯುತ್ತದೆ, ಉರಿಯದ ಪೆಟ್ರೋಲೂ ಜೊತೆಗೆ. ಆಯಿಲ್ ಚೆನ್ನಾಗಿ ಕಾದರೆ ಎರಡೂ ಆವಿಯಾಗಿ ಹೊರಗೆ ಹೋಗುತ್ತವೆ. ಕಾಯದಿದ್ದರೆ ಅಲ್ಲೇ ಕೂರುತ್ತವೆ. ಮುಚ್ಚಳದ ಒಳಗಿದ್ದ ಕಾಫಿ ನೊರೆ ಅದೇ. ಕೊಡಗಿನ ಮಳೆಗಾಲದಲ್ಲಿ, ತಿಂಗಳುಗಟ್ಟಲೆ ಬಿಸಿಲು ಕಾಣದ ಕಾರಿನಲ್ಲಿ, ಇದು ಇನ್ನೂ ಜಾಸ್ತಿ. ಹೀಗೆ ತಿಂಗಳುಗಟ್ಟಲೆ ಕೊಳಕಾದ ಆಯಿಲ್ಲನ್ನು ಒಂದು ದಿನ ಇದ್ದಕ್ಕಿದ್ದಂತೆ ಮಂಗಳೂರಿನ ಸೆಕೆಗೆ, ಸಂಪಾಜೆಯ ಏರಿಗೆ ಒಯ್ದರೆ ಗ್ರೂವಿನಲ್ಲಿ ನಿಂತದ್ದು ಬೆಂದು ಅಂಟಾಗುತ್ತದೆ. ಹತ್ತು ವರ್ಷ ಹಾಗೇ ಆದರೆ ತೂತು ಮುಚ್ಚದೆ ಇನ್ನೇನಾಗುತ್ತದೆ?

ರಿಪೇರಿ ಕಥೆ ಚಿಕ್ಕದು. ಪಿಸ್ಟನ್‌ಗಳನ್ನು ಒಂದು ರಾತ್ರಿ ನೆನೆಸಿದೆ. ಗ್ರೂವ್ ಕೆರೆಯಲು ಹಳೆ ರಿಂಗನ್ನೇ ಮುರಿದು ಅದರ ತುದಿ ಬಳಸಿದೆ, ಅದರ ಅಗಲ ಗ್ರೂವಿಗೆ ಸರಿಯಾಗಿ ಹೊಂದುತ್ತದೆ. ತೂತುಗಳಿಗೆ ಸಣ್ಣ ಡ್ರಿಲ್ ಬಿಟ್ಟನ್ನು ಮೆಷಿನ್ನಿಗೆ ಹಾಕದೆ ಬೆರಳಲ್ಲೇ ಹಿಡಿದು ತಿರುಗಿಸಿದೆ, ಅಲ್ಯೂಮಿನಿಯಂ ಆದ್ದರಿಂದ ತೂತು ದೊಡ್ಡದಾಗಬಾರದು. ಗೋಡೆಗೆ ಬಾಲ್ ಹೋನ್ ಹಗುರವಾಗಿ ಆಡಿಸಿದೆ, ಹೊಸ ರಿಂಗ್ ಕೂರಲು ಹೊಸ ಗೀರು ಬೇಕು.

ಹೋನಿಂಗ್ ಆದ ಮೇಲೆ ತೊಳೆಯುವುದನ್ನು ಮಾತ್ರ ವಿವರವಾಗಿ ಹೇಳಬೇಕು, ಇಲ್ಲೇ ಹೆಚ್ಚಿನವರು ಕೆಡಿಸುವುದು. ಸೀಮೆಎಣ್ಣೆ, ಪೆಟ್ರೋಲ್ ಹಾಕಿ ಒರೆಸಿದರೆ ಕಣ್ಣಿಗೆ ಕ್ಲೀನ್ ಕಾಣುತ್ತದೆ, ಆದರೆ ಹೋನಿಂಗ್ ಕಲ್ಲಿನ ಪುಡಿ ಗೀರಿನೊಳಗೇ ಉಳಿಯುತ್ತದೆ. ಆಮೇಲೆ ಅದೇ ಪುಡಿ ಹೊಸ ರಿಂಗನ್ನು ಸಾಣೆ ಹಿಡಿದ ಹಾಗೆ ಸವೆಸುತ್ತದೆ. ಬಿಸಿನೀರು, ಸೋಪು, ಬ್ರಷ್ ಬೇಕು. ಬ್ಲಾಕ್ ಹೊರಗೆ ತೆಗೆದು ತೊಳೆದೆ. ಹಳೆ ಬಿಳಿ ಪಂಚೆ ಚೂರು ಒಳಗಾಡಿಸಿದೆ, ಬೂದು ಬಣ್ಣ ಬಂತು. ಮತ್ತೆ ತೊಳೆದೆ. ನಾಲ್ಕನೇ ಸಲ ಬಟ್ಟೆ ಬಿಳಿಯಾಗಿಯೇ ಹೊರಬಂತು. ಆ ಕ್ಷಣವೇ ಆಯಿಲ್ ಸವರಬೇಕು, ಟೀ ಕುಡಿದು ಬರುತ್ತೇನೆ ಅಂತ ಹೋಗುವ ಹಾಗಿಲ್ಲ. ಆಗಸ್ಟಿನ ನಮ್ಮ ಗಾಳಿಯಲ್ಲಿ ಬೆತ್ತಲೆ ಕಬ್ಬಿಣಕ್ಕೆ ನೋಡುತ್ತಾ ನಿಂತಿರುವಾಗಲೇ ತುಕ್ಕಿನ ಕೆಂಪು ಏರುತ್ತದೆ.

ರಿಂಗ್ ಗ್ಯಾಪ್, ಅಂದರೆ ರಿಂಗಿನ ಬಾಯಿಯ ಸಂದಿ, ಫೀಲರ್ ಗೇಜಿನಲ್ಲಿ 0.30 ಮಿಲಿಮೀಟರ್ ಬಂತು. "ಟಾಪ್" ಅಂತ ಬರೆದಿರುವ ಮೈ ಮೇಲೆ ಬರುವ ಹಾಗೆ, ಬಾಯಿಗಳು ಒಂದರ ಕೆಳಗೊಂದು ಬಾರದ ಹಾಗೆ ತಿರುಗಿಸಿ ಕೂರಿಸಿದೆ. ಹೊಸ ಗ್ಯಾಸ್ಕೆಟ್ ಸೆಟ್, 5ಡಬ್ಲ್ಯು-30 ಆಯಿಲ್, ಫಿಲ್ಟರ್. ಒಟ್ಟು ಬಿಲ್ 17,400. ವಾಲ್ವ್ ಸೀಲಿನ ಕೂಲಿ ಅದರಲ್ಲಿ ಕಳೆದೆ. ಟೀಚರ್ ಕೂಡಿಸಿ ನೋಡಿ 40 ರೂಪಾಯಿ ಜಾಸ್ತಿ ಬರೆದಿದ್ದೀಯ ಅಂದರು. ನಿಜವಾಗಿ ಹಾಗೇ ಆಗಿತ್ತು.

ನಮ್ಮ ಕೊಡಗಿನ ಕೈಲುಮುಹೂರ್ತ ಹಬ್ಬಕ್ಕೆ ಎರಡು ದಿನ ಮೊದಲು ಗಾಡಿ ಕೊಟ್ಟೆ. ಹೊಸ ರಿಂಗ್ ಅಂತ ಮೆಲ್ಲಗೆ ಓಡಿಸಬೇಡಿ, ಐಡಲಿಂಗಿನಲ್ಲಿ ನಿಲ್ಲಿಸಿ ಬಿಡಬೇಡಿ ಅಂದೆ. ಮೇಲಿನ ರಿಂಗನ್ನು ಗೋಡೆಗೆ ಒತ್ತುವುದು ಗ್ಯಾಸಿನ ಒತ್ತಡ ಅಂತ ಆಗಲೇ ಹೇಳಿದ್ದೆನಲ್ಲ, ಭಾರ ಬೀಳದಿದ್ದರೆ ಒತ್ತಡ ಇಲ್ಲ, ಒತ್ತಡ ಇಲ್ಲದಿದ್ದರೆ ರಿಂಗ್ ಗೋಡೆಗೆ ಹೊಂದಿಕೊಳ್ಳುವುದಿಲ್ಲ, ಗೋಡೆ ನುಣ್ಣಗೆ ಪಾಲಿಶ್ ಆಗಿಬಿಡುತ್ತದೆ. ವಿರಾಜಪೇಟೆ ದಾರಿಯಾಗಿ ಮಡಿಕೇರಿ ತನಕ ಹತ್ತಿಸಿ ಇಳಿಸಿ, ಏರಿನಲ್ಲಿ ಚೆನ್ನಾಗಿ ಆಕ್ಸಿಲರೇಟರ್ ಕೊಡಿ, ಇಳಿಜಾರಿನಲ್ಲಿ ಕಾಲು ತೆಗೆಯಿರಿ, ಒಂದೇ ಸ್ಪೀಡಿನಲ್ಲಿ ಹೋಗಬೇಡಿ ಅಂತ ಹೇಳಿದೆ. ಟೀಚರ್ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೋದರು. ಅಷ್ಟು ಜೋರಾಗಿ ಓಡಿಸುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. 1,000 ಕಿಲೋಮೀಟರಿಗೆ ಮೊದಲ ಆಯಿಲ್ ಬದಲಾಯಿಸಿದೆ. ಇನ್ನು ಮುಂದೆ ಕಿಲೋಮೀಟರ್ ಲೆಕ್ಕ ಬೇಡ, ನಿಮ್ಮ ಓಡಾಟಕ್ಕೆ ಆರು ತಿಂಗಳಿಗೊಮ್ಮೆ ಬದಲಾಯಿಸಿ, ವಾರಕ್ಕೊಂದು ಸಲ ಸುಮ್ನೆ ವಿರಾಜಪೇಟೆಗೆ ಹೋಗಿ ಬನ್ನಿ ಅಂದಿದ್ದೇನೆ. "ಸುಮ್ನೆ ಯಾಕೆ ಹೋಗಲಿ, ತರಕಾರಿ ಅಲ್ಲೇ ತಗೋತೀನಿ" ಅಂದರು.

ಮೊನ್ನೆ ಪುಸ್ತಕ ತಂದು ತೋರಿಸಿದರು. ಆಯಿಲ್ ಬದಲಾಯಿಸಿ 1,400 ಕಿಲೋಮೀಟರ್, ಅದರಲ್ಲಿ ಒಂದು ಮಂಗಳೂರು ಟ್ರಿಪ್. ಡಿಪ್‌ಸ್ಟಿಕ್ಕಿನಲ್ಲಿ ಮೇಲಿನ ಗೆರೆಯಿಂದ 2 ಮಿಲಿಮೀಟರ್ ಕೆಳಗೆ. ಕೆಂಪು ಇಂಕಿನ ಬದಲು ನೀಲಿ ಇಂಕಿನಲ್ಲಿ ಬರೆದಿದ್ದರು. ಪ್ಲಗ್ ತೆಗೆದು ನೋಡಿದೆ. ಒಂದು, ಎರಡು, ನಾಲ್ಕು ಒಣಗಿ ತಿಳಿ ಕಂದು ಬಣ್ಣಕ್ಕೆ ಬಂದಿವೆ. ಮೂರನೆಯದರ ತಿರುಪಿನ ಗೆರೆಗಳ ಮೇಲೆ ಇನ್ನೂ ತುಸು ಜಿಡ್ಡು ಕಾಣುತ್ತದೆ. ಹಳೆಯದೇ ಒರೆಸದೆ ಉಳಿದಿದೆಯೋ, ಅಲ್ಲೊಂದು ರಿಂಗ್ ಇನ್ನೂ ಪೂರ್ತಿ ಕೂತಿಲ್ಲವೋ ನೋಡಬೇಕು. ಒರೆಸಿ ಹಾಕಿ, ಹುತ್ತರಿ ಹಬ್ಬ ಕಳೆದ ಮೇಲೆ ಮತ್ತೆ ತನ್ನಿ ಅಂದಿದ್ದೇನೆ. ಟೀಚರ್ ತಾರೀಕು ಬರೆದುಕೊಂಡು ಹೋದರು.